ರಾಡ್ ಮೇಲೆ 5 ಅಂತಿದೆ, ಹಾಗಾದರೆ ಯಾವ ಲೈನ್ ಹಾಕಬೇಕು?

ಫ್ಲೈ ಫಿಶಿಂಗ್, ಅಂದರೆ ಪುಕ್ಕ ರೋಮ ಸುತ್ತಿದ ಕೊಕ್ಕೆ ಎಸೆದು ಮೀನು ಹಿಡಿಯೋದು, ಶುರು ಮಾಡಿದವರಿಗೆ ಎಲ್ಲರೂ ಹೇಳುವ ಮಾತು ಒಂದೇ. ರಾಡ್ (ಗಾಳದ ಕೋಲು) ಮೇಲೆ ಯಾವ ನಂಬರ್ ಇದೆಯೋ ಅದೇ ನಂಬರಿನ ಲೈನ್ (ಗಾಳದ ದಾರ) ತಗೊಳ್ಳಿ, ಮುಗೀತು. ಇದರಲ್ಲಿ ತಪ್ಪೇನಿಲ್ಲ, ಬಹಳ ಸಲ ಅದೇ ಸರಿಹೋಗುತ್ತದೆ. ಸರಿಹೋಗದೆ ಇದ್ದಾಗಲೇ ತೊಂದರೆ. ತಪ್ಪು ರಾಡಿನದೋ, ಲೈನಿನದೋ, ಕೈಯದೋ ಅಂತ ಗೊತ್ತೇ ಆಗುವುದಿಲ್ಲ.

ನಾನು ಒಂದು ಇಡೀ ಸೀಸನ್ ನನ್ನ ಕೈಯನ್ನೇ ಬೈದುಕೊಂಡಿದ್ದೆ. ಸೆಕೆಂಡ್ ಹ್ಯಾಂಡ್‌ನಲ್ಲಿ ಒಂದು ರೀಲ್ ತಗೊಂಡಿದ್ದೆ, ಲೈನ್ ಸಮೇತ. ಕೊಟ್ಟವರು ಇದು 5ನೇ ನಂಬರಿನದು ಅಂದರು, ನನ್ನ ರಾಡೂ 5, ಇನ್ನೇನು ಬೇಕು ಅಂದ್ಕೊಂಡೆ. ಹತ್ತಿರಕ್ಕೆ ಎಸೆದರೆ ಚೆನ್ನಾಗೇ ಹೋಗುತ್ತಿತ್ತು. ಸ್ವಲ್ಪ ದೂರ ಬೇಕು ಅಂತ ಲೈನ್ ಬಿಟ್ಟೆನೋ, ರಾಡ್ ಬುಡದ ತನಕ ಬಾಗಿ, ಒದ್ದೆ ಬಟ್ಟೆ ಒಗೆದ ಹಾಗೆ ಲೈನ್ ನೀರಿಗೆ ಬಡಿಯುತ್ತಿತ್ತು. ಕೊನೆಗೆ ಒಂದು ದಿನ ಸುಮ್ನೆ ಕುತೂಹಲಕ್ಕೆ ಆ ಲೈನಿನ ಮೊದಲ 30 ಅಡಿಯನ್ನು ತಕ್ಕಡಿ ಮೇಲೆ ಇಟ್ಟೆ. 11 ಗ್ರಾಂ ಬಂತು. ಅದರ ಅರ್ಥ ಏನು ಅಂತ ಆಮೇಲೆ ಹೇಳ್ತೀನಿ, ಮೊದಲು ನಂಬರಿನ ಕಥೆ.

ನಂಬರ್ ಹೇಳೋದು ಏನನ್ನು?

ಬೇರೆ ಗಾಳದಲ್ಲಿ ತುದಿಗೆ ಕಟ್ಟಿದ ಸೀಸದ ಗುಂಡು ದಾರವನ್ನು ಎಳೆದುಕೊಂಡು ಹೋಗುತ್ತದೆ. ಇಲ್ಲಿ ಉಲ್ಟಾ. ಫ್ಲೈ ಅಂದರೆ ಕೊಕ್ಕೆಗೆ ಸುತ್ತಿದ ನಾಲ್ಕು ಎಳೆ ಪುಕ್ಕ, ಒಂದಿಷ್ಟು ರೋಮ, ಅಷ್ಟೇ. ಅದಕ್ಕೆ ತೂಕ ಅಂತ ಏನೂ ಇಲ್ಲ. ನಾವು ಎಸೆಯುವುದು ಲೈನನ್ನು, ಫ್ಲೈ ಅದರ ಬಾಲ ಹಿಡಿದುಕೊಂಡು ಹೋಗುತ್ತದೆ. ಲೈನಿನ ತೂಕಕ್ಕೆ ರಾಡ್ ಬಾಗಬೇಕು, ಬಾಗಿದ್ದು ನೆಟ್ಟಗಾಗುತ್ತಾ ಲೈನನ್ನು ಚಿಮ್ಮಿಸಬೇಕು. ತೂಕ ಕಡಿಮೆಯಾದರೆ ರಾಡ್ ಬಾಗೋದೇ ಇಲ್ಲ, ಜಾಸ್ತಿಯಾದರೆ ಬಾಗಿದ್ದು ಬೇಗ ಏಳೋದಿಲ್ಲ.

ಲೈನಿನ ನಂಬರ್ ಅಂದರೆ ಅದರ ಮೊದಲ 30 ಅಡಿಯ ತೂಕ, ಮೀಟರಿನಲ್ಲಿ 9.14. ತುದಿಯಲ್ಲಿ ಲೀಡರ್ (ಲೈನಿಗೂ ಫ್ಲೈಗೂ ನಡುವಿನ ತೆಳು ದಾರ) ಕಟ್ಟೋಕೆ ಅಂತ ಬಿಟ್ಟ ಒಂದೇ ದಪ್ಪದ ಸಣ್ಣ ತುಂಡು ಇದ್ದರೆ ಅದನ್ನು ಲೆಕ್ಕಕ್ಕೆ ತಗೊಳ್ಳುವುದಿಲ್ಲ. ತೂಕ ಹೇಳುವುದು ಗ್ರೇನ್‌ಗಳಲ್ಲಿ. ಗ್ರೇನ್ ಅಂದರೆ ಕಾಳು, ಹಳೇ ಕಾಲದಲ್ಲಿ ಧಾನ್ಯದ ಕಾಳನ್ನೇ ತೂಕದ ಬಟ್ಟು ಮಾಡಿಕೊಂಡಿದ್ದರಿಂದ ಬಂದ ಹೆಸರು, ನಮ್ಮ ಗುಲಗಂಜಿ ಇದ್ದ ಹಾಗೆ. ಒಂದು ಗ್ರಾಂಗೆ 15.43 ಗ್ರೇನ್.

ಇದಕ್ಕೆ ಮುಂಚೆ ಲೈನಿಗೆ ನಂಬರ್ ಇರಲಿಲ್ಲ, ಅಕ್ಷರ ಇತ್ತು. ರೇಷ್ಮೆ ಲೈನಿನ ಕಾಲ ಅದು. ಎ ಅಂದರೆ 0.060 ಇಂಚು ದಪ್ಪ, ಬಿ ಅಂದರೆ 0.055, ಹೀಗೆ ಇಳಿಯುತ್ತಾ ಹೋಗುವುದು. ಎಚ್‌ಡಿಎಚ್ ಅಂತ ಬರೆದಿದ್ದರೆ ಎರಡೂ ತುದಿ ತೆಳ್ಳಗೆ, ನಡು ದಪ್ಪ ಅಂತ. ಎಲ್ಲ ಲೈನೂ ರೇಷ್ಮೆಯದೇ ಆಗಿದ್ದಾಗ ದಪ್ಪ ಗೊತ್ತಿದ್ದರೆ ತೂಕವೂ ಗೊತ್ತಿದ್ದ ಹಾಗೆ. ನೈಲಾನ್, ಪಿವಿಸಿ ಬಂದ ಮೇಲೆ ಅದೇ ದಪ್ಪದ ಎರಡು ಲೈನುಗಳ ತೂಕ ಬೇರೆ ಬೇರೆ ಆಗತೊಡಗಿತು, ಅಕ್ಷರ ಕೆಲಸಕ್ಕೆ ಬಾರದೆ ಹೋಯಿತು. 1960ರ ಆಸುಪಾಸಿನಲ್ಲಿ ಅಮೆರಿಕದ ಮೀನು ಸಲಕರಣೆ ತಯಾರಕರ ಸಂಘ ದಪ್ಪವನ್ನು ಬಿಟ್ಟು ತೂಕದ ಪಟ್ಟಿ ಮಾಡಿತು. ಈಗಲೂ ಅದೇ ನಡೆಯುತ್ತಿದೆ. ದಿನಾ ಬೇಕಾಗುವ ಸಾಲುಗಳು ಇಷ್ಟು:

3ನೇ ನಂಬರ್: 100 ಗ್ರೇನ್, ಸುಮಾರು 6.5 ಗ್ರಾಂ
4: 120 ಗ್ರೇನ್, 7.8 ಗ್ರಾಂ
5: 140 ಗ್ರೇನ್, 9.1 ಗ್ರಾಂ
6: 160 ಗ್ರೇನ್, 10.4 ಗ್ರಾಂ
7: 185 ಗ್ರೇನ್, 12 ಗ್ರಾಂ
8: 210 ಗ್ರೇನ್, 13.6 ಗ್ರಾಂ
9: 240 ಗ್ರೇನ್, 15.6 ಗ್ರಾಂ
10: 280 ಗ್ರೇನ್, 18.1 ಗ್ರಾಂ

ಸ್ವಲ್ಪ ಆಚೀಚೆ ಆದರೂ ಒಪ್ಪುತ್ತಾರೆ. 5ನೇ ನಂಬರಿಗೆ 134ರಿಂದ 146 ಗ್ರೇನ್ ತನಕ, 6ಕ್ಕೆ 152ರಿಂದ 168, 7ಕ್ಕೆ 177ರಿಂದ 193.

ಈಗ ನನ್ನ 11 ಗ್ರಾಂ ನೋಡಿ. 15.43ರಿಂದ ಗುಣಿಸಿದರೆ ಸುಮಾರು 170 ಗ್ರೇನ್. 5 ಅಂತೂ ಅಲ್ಲವೇ ಅಲ್ಲ, 6ನ್ನೂ ದಾಟಿ 7ರ ಕಡೆ ಹೊರಟಿತ್ತು. ಪಾಪ, ಕೈಯದು ತಪ್ಪಿರಲಿಲ್ಲ. ಪೂರ್ತಿ ಇರಲಿಲ್ಲ ಅನ್ನೋಣ.

ಇನ್ನೊಂದು ವಿಷಯ ಇಲ್ಲೇ ಹೇಳಿಬಿಡ್ತೀನಿ, ಯಾಕಂದರೆ ಬಹಳ ಜನಕ್ಕೆ ಇದು ಗೊತ್ತಿರುವುದಿಲ್ಲ. ಲೈನಿಗೆ ಪಟ್ಟಿ ಇದೆ, ರಾಡಿಗೆ ಇಲ್ಲ. ರಾಡ್ ಮೇಲಿನ 5 ಅಂದರೆ ತಯಾರಿಸಿದವರು ಎಸೆದು ನೋಡಿ, ಇದಕ್ಕೆ 5 ಒಗ್ಗುತ್ತದೆ ಅಂತ ಕೊಟ್ಟ ಅಭಿಪ್ರಾಯ. ಒಬ್ಬರ 5 ಇನ್ನೊಬ್ಬರ 6ರಷ್ಟು ಗಟ್ಟಿ ಇರಬಹುದು.

ಹೆಜ್ಜೆ 1: ರಾಡನ್ನು ಓದಿ

ಹಿಡಿಕೆಯ ಸ್ವಲ್ಪ ಮೇಲೆ ಬರೆದಿರುತ್ತದೆ. 905-4 ಅಂತಿದ್ದರೆ 9 ಅಡಿ 0 ಇಂಚು ಉದ್ದ, 5ನೇ ನಂಬರಿನ ಲೈನ್, 4 ತುಂಡು. 864-4 ಅಂತಿದ್ದರೆ 8 ಅಡಿ 6 ಇಂಚು, 4ನೇ ನಂಬರ್. ಹಳೇ ರಾಡುಗಳಲ್ಲಿ 5-6 ಅಂತ ಎರಡು ನಂಬರ್ ಇರುತ್ತದೆ. ಸಾಮಾನ್ಯವಾಗಿ ಅದರ ಅರ್ಥ ಡಬಲ್ ಟೇಪರ್ ಲೈನ್ ಆದರೆ 5, ವೇಟ್ ಫಾರ್ವರ್ಡ್ ಆದರೆ 6. ಯಾಕೆ ಅನ್ನೋದು ಮುಂದಿನ ಹೆಜ್ಜೆ ಓದಿದರೆ ತಾನಾಗೇ ಗೊತ್ತಾಗುತ್ತದೆ.

ನಂಬರ್ ಜೊತೆಗೆ ರಾಡಿನ ಸ್ವಭಾವವನ್ನೂ ನೋಡಿ. ತುದಿ ಹಿಡಿದು ಮೆಲ್ಲಗೆ ಬಾಗಿಸಿದಾಗ ಮೇಲಿನ ಭಾಗ ಮಾತ್ರ ಬಾಗಿದರೆ ಅದು ಫಾಸ್ಟ್, ಹಿಡಿಕೆ ತನಕ ಬಾಗಿದರೆ ಸ್ಲೋ, ನಡುವಿನದು ಮೀಡಿಯಂ. ಹೊಸಬರ ಕೈಯಲ್ಲಿ ಫಾಸ್ಟ್ ರಾಡ್ ಕೋಲಿನ ಹಾಗೆ ಅನಿಸುತ್ತದೆ. ಬಿದಿರಿನ ರಾಡ್, ಫೈಬರ್‌ಗ್ಲಾಸ್ ರಾಡ್‌ಗಳು ಹೆಚ್ಚಾಗಿ ಸ್ಲೋ.

ಹೆಜ್ಜೆ 2: ಲೈನಿನ ಡಬ್ಬ ಓದಿ, ಹಿಂಬದಿಯ ಸಣ್ಣ ಅಕ್ಷರವನ್ನೂ

ಡಬ್ಬದ ಮೇಲೆ ಡಬ್ಲ್ಯುಎಫ್-5-ಎಫ್ ಅಂತ ಇರುತ್ತದೆ. ಮೊದಲ ಎರಡು ಅಕ್ಷರ ಆಕಾರ, ನಡುವಿನದು ತೂಕ, ಕೊನೆಯದು ತೇಲುತ್ತೋ ಮುಳುಗುತ್ತೋ ಅನ್ನೋದು. ಎಫ್ ತೇಲುವುದು, ಎಸ್ ಮುಳುಗುವುದು, ಐ ಅಂದರೆ ನೀರಿನ ಮೇಲ್ಪದರದ ಕೆಳಗೆ ನಿಧಾನಕ್ಕೆ ಇಳಿಯುವುದು.

ಆಕಾರದಲ್ಲಿ ಎರಡು ಮುಖ್ಯ. ಡಿಟಿ, ಅಂದರೆ ಡಬಲ್ ಟೇಪರ್, ಎರಡೂ ತುದಿ ತೆಳ್ಳಗೆ, ನಡುವೆ ಉದ್ದಕ್ಕೂ ಒಂದೇ ದಪ್ಪ. ಡಬ್ಲ್ಯುಎಫ್, ಅಂದರೆ ವೇಟ್ ಫಾರ್ವರ್ಡ್, ಮುಂದಿನ 30-40 ಅಡಿಯಲ್ಲೇ ತೂಕವೆಲ್ಲ, ಹಿಂದೆ ಬರೀ ತೆಳು ದಾರ. ಡಿಟಿಯಲ್ಲಿ ನೀವು ಎಷ್ಟು ಬಿಟ್ಟರೆ ಅಷ್ಟು ತೂಕ ಏರುತ್ತಲೇ ಹೋಗುತ್ತದೆ. ಡಬ್ಲ್ಯುಎಫ್‌ನಲ್ಲಿ ಹೆಡ್, ಅಂದರೆ ಮುಂದಿನ ಆ ತೂಕದ ಭಾಗ, ಪೂರ್ತಿ ಹೊರಗೆ ಬಂದ ಮೇಲೆ ತೂಕ ಹೆಚ್ಚುಕಮ್ಮಿ ಅಲ್ಲಿಗೇ ನಿಲ್ಲುತ್ತದೆ. ಅದಕ್ಕೇ ಹಳೇ ರಾಡಿನಲ್ಲಿ ಆ ಎರಡು ನಂಬರ್.

ಹೊಸ ಲೈನ್ ಕೊಳ್ಳುವಾಗ ಎಡವುವ ಜಾಗ ಇದು. ಈಗ ಮಾರಾಟಕ್ಕಿರುವ ಎಷ್ಟೋ ಲೈನುಗಳು ಡಬ್ಬದ ಮೇಲೆ 5 ಅಂತ ಹಾಕಿಕೊಂಡು, ನಿಜದಲ್ಲಿ ಅರ್ಧ ನಂಬರ್, ಕೆಲವು ಒಂದಿಡೀ ನಂಬರ್ ಜಾಸ್ತಿ ತೂಗುತ್ತವೆ. ಮೋಸ ಅಂತ ಅಲ್ಲ. ರಾಡುಗಳು ವರ್ಷ ವರ್ಷ ಗಟ್ಟಿಯಾಗುತ್ತಾ ಬಂದವು, ಅವನ್ನು ಬಾಗಿಸೋಕೆ ಲೈನೂ ದಪ್ಪವಾಗುತ್ತಾ ಬಂತು, ಡಬ್ಬದ ಮೇಲಿನ ನಂಬರ್ ಮಾತ್ರ ಇದ್ದಲ್ಲೇ ಇದೆ. ಒಳ್ಳೆ ತಯಾರಕರು ಹಿಂಬದಿಯಲ್ಲಿ ನಿಜವಾದ ಗ್ರೇನ್ ಬರೆದಿರುತ್ತಾರೆ. ಅದನ್ನು ಓದಿ. ಕೆಲವರು ಮೊದಲ 30 ಅಡಿಯ ತೂಕ ಒಂದು, ಇಡೀ ಹೆಡ್‌ನ ತೂಕ ಇನ್ನೊಂದು ಅಂತ ಎರಡನ್ನೂ ಕೊಟ್ಟಿರುತ್ತಾರೆ. ಪಟ್ಟಿಗೆ ಹೋಲಿಸಬೇಕಾದದ್ದು ಮೊದಲನೆಯದನ್ನು.

ಹಾಗೇ, ಫಾಸ್ಟ್ ರಾಡಿಗೆ ಒಂದು ನಂಬರ್ ಮೇಲಿನ ಲೈನ್ ಹಾಕು ಅಂತ ಯಾರೋ ಹೇಳಿದ್ದನ್ನು ಕೇಳಿ, ಮೊದಲೇ ಒಂದು ನಂಬರ್ ಜಾಸ್ತಿ ಇರುವ ಲೈನಿನ 6 ತಂದರೆ ನೀವು ಕೈಯಲ್ಲಿ ಹಿಡಿದಿರೋದು 7. ಉಪ್ಪು ಹಾಕಿದ ಸಾರಿಗೆ ಮತ್ತೆ ಉಪ್ಪು ಹಾಕಿದ ಹಾಗೆ.

ಹೆಜ್ಜೆ 3: ಗೊತ್ತಿಲ್ಲದ ಲೈನನ್ನು ತೂಗಿ

ಡಬ್ಬ ಕಳೆದಿದೆ, ಹಳೇ ಲೈನು, ಯಾರೋ ಕೊಟ್ಟಿದ್ದು ಅಂತಾದರೆ ಊಹೆ ಬೇಡ. 0.1 ಗ್ರಾಂ ತೋರಿಸುವ ಚಿಕ್ಕ ಡಿಜಿಟಲ್ ತಕ್ಕಡಿ ಸಾಕು. ಮೊದಲು ಲೈನನ್ನು ಸೋಪು ನೀರಿನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ, ಒಣಗಿಸಿ. ಲೀಡರ್ ಬಿಚ್ಚಿ. ತುದಿಯಿಂದ 9.14 ಮೀಟರ್ ಅಳೆದು ಅಲ್ಲಿ ಮಾಸದ ಮಾರ್ಕರ್‌ನಿಂದ ಒಂದು ಗುರುತು ಹಾಕಿ. ಈ ಗುರುತು ಮುಂದೆಯೂ ಬೇಕು.

ಆ 30 ಅಡಿಯನ್ನು ಸಣ್ಣ ಸುರುಳಿ ಮಾಡಿ ತಕ್ಕಡಿ ಮೇಲೆ ಇಡಿ. ಉಳಿದ ಲೈನ್ ರೀಲಿನಲ್ಲೇ ಇರಲಿ, ಆದರೆ ರೀಲನ್ನು ತಕ್ಕಡಿಯ ಪಕ್ಕದಲ್ಲೇ, ಅದೇ ಎತ್ತರದಲ್ಲಿ ಇಟ್ಟು, ನಡುವಿನ ಲೈನ್ ಸಡಿಲ ಬಿಡಿ. ಲೈನ್ ಬಿಗಿಯಾಗಿ ಎಳೆದಿದ್ದರೆ ತಕ್ಕಡಿ ತಪ್ಪು ತೋರಿಸುತ್ತದೆ. ಮೂರು ಸಲ ತೂಗಿ, ಮೂರೂ ಒಂದೇ ಬಂದರೆ 15.43ರಿಂದ ಗುಣಿಸಿ ಪಟ್ಟಿ ನೋಡಿ.

ತೂಗುವಾಗಲೇ ಮೈಮೇಲೆ ಬಿರುಕು ಬಿಟ್ಟಿದೆಯಾ ನೋಡಿಬಿಡಿ. ಬೆರಳ ನಡುವೆ ಎಳೆದರೆ ತರಿತರಿ ಅನಿಸುತ್ತದೆ. ಬಿರುಕು ಬಿಟ್ಟ ತೇಲುವ ಲೈನ್ ನೀರು ಕುಡಿದು ತುದಿಯಿಂದ ಮುಳುಗುತ್ತದೆ, ಅಂಥದ್ದಕ್ಕೆ ನಂಬರ್ ಹುಡುಕಿ ಪ್ರಯೋಜನ ಇಲ್ಲ. ಸೊಳ್ಳೆ ಔಷಧಿ ಹಚ್ಚಿದ ಕೈಯಲ್ಲಿ ಲೈನ್ ಮುಟ್ಟಬೇಡಿ, ಡೀಟ್ ಇರುವ ಔಷಧಿ ಲೈನಿನ ಹೊದಿಕೆಯನ್ನೇ ತಿನ್ನುತ್ತದೆ.

ಹೆಜ್ಜೆ 4: ಹುಲ್ಲಿನ ಮೇಲೆ ಎಸೆದು ನೋಡಿ

ಶುರು ಮಾಡೋದು ರಾಡಿನ ನಂಬರಿನ ಲೈನಿಂದಲೇ. ನೀರು ಬೇಡ, ಹುಲ್ಲು ಇರುವ ಬಯಲು ಸಾಕು. ಸಿಮೆಂಟ್, ಟಾರು ನೆಲದಲ್ಲಿ ಮಾತ್ರ ಬೇಡ, ಲೈನ್ ಸವೆಯುತ್ತದೆ. 9 ಅಡಿ ಲೀಡರ್ ಕಟ್ಟಿ, ಕೊಕ್ಕೆ ಬದಲು ಉಲ್ಲನ್ನಿನ ಚಿಕ್ಕ ಕುಚ್ಚು. ಕಣ್ಣಿಗೆ ಕನ್ನಡಕ ಇರಲಿ.

ಮಾರ್ಕರ್ ಗುರುತು ರಾಡಿನ ತುದಿಗೆ ಬರುವ ತನಕ ಲೈನ್ ಬಿಡಿ, ಈಗ ಸರಿಯಾಗಿ 30 ಅಡಿ ಹೊರಗಿದೆ. ಹಿಂದೆ ಮುಂದೆ ಮೂರು ನಾಲ್ಕು ಸಲ ಬೀಸಿ, ಎಸೆಯೋಕೆ ಆತುರ ಬೇಡ. ಹಿಂದೆ ಬೀಸಿದಾಗ ಲೈನ್ ಪೂರ್ತಿ ಬಿಚ್ಚಿಕೊಂಡ ಗಳಿಗೆಯಲ್ಲಿ ಹಿಡಿಕೆಯಲ್ಲಿ ಒಂದು ಸಣ್ಣ ಎಳೆತ ಸಿಗಬೇಕು, ಯಾರೋ ಹಿಂದಿನಿಂದ ಅಂಗಿ ಚುಂಗು ಎಳೆದ ಹಾಗೆ. ಅದು ಸಿಕ್ಕಿ, ಮುಂದೆ ಬೀಸಿದಾಗ ಲೈನ್ ಕಿರಿದಾದ ಯು ಆಕಾರದಲ್ಲಿ (ಇದನ್ನೇ ಲೂಪ್ ಅನ್ನೋದು) ಬಿಚ್ಚಿಕೊಂಡರೆ ಜೋಡಿ ಸರಿಯಾಗಿದೆ.

ಎಳೆತವೇ ಸಿಗದೆ, ರಾಡ್ ಕೋಲಿನ ಹಾಗೆ ನಿಂತು, ನೀವು ತೋಳಿನ ಬಲವೆಲ್ಲ ಹಾಕಬೇಕಾಗಿ ಬಂದರೆ ಲೈನ್ ಹಗುರವಾಯಿತು. ಖಾತ್ರಿ ಮಾಡಿಕೊಳ್ಳೋಕೆ ಇನ್ನೂ 8-10 ಅಡಿ ಬಿಟ್ಟು ಬೀಸಿ. ಆಗ ರಾಡಿಗೆ ಜೀವ ಬಂದರೆ ಅನುಮಾನವೇ ಇಲ್ಲ. ರಾಡ್ ಬುಡದಿಂದಲೇ ಬಾಗಿ, ಏಳೋಕೆ ತಡಮಾಡಿ, ಲೂಪ್ ಬಾಗಿಲಷ್ಟು ಅಗಲವಾಗಿ, ಲೈನ್ ಹಿಂದೆ ನೆಲ ಮುಟ್ಟುತ್ತಿದ್ದರೆ ಭಾರ ಜಾಸ್ತಿಯಾಯಿತು. ಇಲ್ಲಿ ಉಲ್ಟಾ ಪರೀಕ್ಷೆ, 8-10 ಅಡಿ ಒಳಗೆಳೆದು ಬೀಸಿ, ಸರಿಹೋದರೆ ಅದೇ ಉತ್ತರ. ಅಗಲ ಲೂಪ್ ಮಣಿಕಟ್ಟು ಜಾಸ್ತಿ ಬಾಗಿಸುವುದರಿಂದಲೂ ಬರುತ್ತದೆ, ಅದಕ್ಕೇ ಬರೀ ಲೂಪ್ ನೋಡಿ ತೀರ್ಮಾನ ಮಾಡದೆ ಈ ಹೆಚ್ಚು ಕಡಿಮೆ ಮಾಡಿ ನೋಡುವ ಪರೀಕ್ಷೆ ಮಾಡಿ. ಲೈನ್ ಉದ್ದ ಬದಲಾಯಿಸಿದಾಗ ಏನೂ ವ್ಯತ್ಯಾಸ ಆಗದಿದ್ದರೆ, ಕ್ಷಮಿಸಿ, ತಪ್ಪು ಕೈಯದೇ.

ಹೆಜ್ಜೆ 5: ನೀವು ನಿಜವಾಗಿ ಎಷ್ಟು ದೂರ ಎಸೆಯುತ್ತೀರಿ?

ನನ್ನ ಪ್ರಕಾರ ಇಡೀ ವಿಷಯದ ಗಂಟು ಇರೋದು ಇಲ್ಲೇ. ನಂಬರ್ 30 ಅಡಿ ಲೆಕ್ಕದ್ದು, ಆದರೆ ಮೀನು 30 ಅಡಿಯಲ್ಲೇ ಕೂತಿರಬೇಕಲ್ಲ.

5ನೇ ನಂಬರಿನ ಡಿಟಿ ಲೈನ್ ತಗೊಳ್ಳಿ. 140ನ್ನು 30ರಿಂದ ಭಾಗಿಸಿದರೆ ಅಡಿಗೆ ಹತ್ತಿರ ಹತ್ತಿರ 4.7 ಗ್ರೇನ್. ಪೊದೆಗಳ ನಡುವಿನ ಸಣ್ಣ ಹೊಳೆಯಲ್ಲಿ 15 ಅಡಿ ಲೈನ್ ಮಾತ್ರ ಹೊರಗಿದೆ ಅಂದುಕೊಳ್ಳಿ. ರಾಡಿನ ತುದಿಯಲ್ಲಿರುವ ಭಾರ 70 ಗ್ರೇನ್, ತುದಿ ತೆಳ್ಳಗಿರುವುದರಿಂದ ಅಷ್ಟೂ ಇಲ್ಲ. 2ನೇ ನಂಬರಿನ ಲೈನೇ 80 ಗ್ರೇನ್ ಇರುತ್ತದೆ. ಅಂದರೆ ನಿಮ್ಮ 5ರ ರಾಡ್ ಅಲ್ಲಿ 2ಕ್ಕಿಂತ ಹಗುರದ ಲೈನನ್ನು ಎಸೆಯುತ್ತಿದೆ. ಕೋಲಿನ ಹಾಗೆ ಅನಿಸದೆ ಇನ್ನೇನು? ಅದೇ ಲೈನನ್ನು ಕೆರೆ ದಂಡೆಯಲ್ಲಿ ನಿಂತು 40 ಅಡಿ ಗಾಳಿಯಲ್ಲಿ ಹಿಡಿದು ಬೀಸಿದರೆ ಭಾರ 187 ಗ್ರೇನ್ ದಾಟುತ್ತದೆ, 7ನೇ ನಂಬರಿನ ತೂಕ. ರಾಡೂ ಅದೇ, ಲೈನೂ ಅದೇ, ಕೆಲಸ ಮಾತ್ರ ಬೇರೆ ಬೇರೆ.

ಹಾಗಾಗಿ ಹತ್ತಿರದ ಮೀನುಗಾರಿಕೆಯೇ ಜಾಸ್ತಿಯಾದರೆ ಒಂದು ನಂಬರ್ ಮೇಲಕ್ಕೆ ಹೋಗಿ, ಇಲ್ಲವೇ ತೂಕವನ್ನು ಮೂತಿಯಲ್ಲೇ ಇಟ್ಟಿರುವ ಗಿಡ್ಡ ಹೆಡ್‌ನ ಡಬ್ಲ್ಯುಎಫ್ ಹಾಕಿ. ಉದ್ದಕ್ಕೆ ಲೈನ್ ಹಿಡಿದು ಬೀಸುವ ಪಳಗಿದ ಕೈಯಾದರೆ ರಾಡಿನ ನಂಬರಿನಲ್ಲೇ ಇರಿ, ಕೆಲವರು ಒಂದು ಕೆಳಗೂ ಹೋಗುತ್ತಾರೆ. ಹೊಸಬರಿಗೆ ಅರ್ಧ ನಂಬರ್ ಜಾಸ್ತಿ ತೂಕದ ಲೈನ್ ಒಳ್ಳೆಯದು ಅಂತಲೇ ನನ್ನ ಅಭಿಪ್ರಾಯ, ರಾಡ್ ಬಾಗುವುದು ಕೈಗೆ ಗೊತ್ತಾಗುತ್ತದೆ. ಎರಡು ನಂಬರ್ ಮೇಲೆ ಹೋಗಬೇಕು ಅನಿಸಿದರೆ ಲೈನ್ ಬದಲಿಸಬೇಡಿ, ರಾಡ್ ಬದಲಿಸಿ.

ಗಾಳಿ ಎದುರಿದ್ದಾಗ ಭಾರದ ಲೈನ್ ಹಾಕು ಅಂತಾರೆ. ನಾನು ಪೂರ್ತಿ ಒಪ್ಪೋದಿಲ್ಲ. ಭಾರದ ಲೈನ್ ದಪ್ಪವೂ ಇರುತ್ತದೆ, ಗಾಳಿ ಅದನ್ನೂ ತಡೆಯುತ್ತದೆ, ಮೇಲಾಗಿ ರಾಡ್ ಜಾಸ್ತಿ ಬಾಗಿ ಲೂಪ್ ಅಗಲವಾಗುತ್ತದೆ. ಗಾಳಿಯನ್ನು ಸೀಳುವುದು ಕಿರಿದಾದ ಲೂಪ್. ದಿನವೂ ಗಾಳಿ ಇರುವ ಜಾಗವಾದರೆ ರಾಡ್, ಲೈನ್ ಎರಡನ್ನೂ ಮೇಲಿನ ನಂಬರಿಗೆ ಒಯ್ಯಿರಿ.

ಫ್ಲೈ ಏನು ಹೇಳುತ್ತೆ

ಇನ್ನೂ ಏನೂ ಕೊಂಡಿಲ್ಲದವರು ರಾಡಿಂದ ಶುರು ಮಾಡಲೇಬೇಡಿ. ಮೊದಲು ಫ್ಲೈ, ಆ ಫ್ಲೈ ಹೊರುವ ಲೈನ್, ಆ ಲೈನಿಗೆ ರಾಡ್, ಕೊನೆಗೆ ರೀಲ್. ಬೆರಳ ತುದಿಯಷ್ಟು ಚಿಕ್ಕ ಫ್ಲೈಗಳಿಗೆ, ಸಣ್ಣ ಹೊಳೆಗೆ 1ರಿಂದ 3. ಟ್ರೌಟ್ ಮೀನಿನ ಸಾಮಾನ್ಯ ಕೆಲಸಕ್ಕೆಲ್ಲ 4ರಿಂದ 6, ಒಂದೇ ಒಂದು ಬೇಕು ಅಂದರೆ 5. ಬಾಸ್ ಮೀನಿಗೆ ಕಟ್ಟುವ, ಗಾಳಿ ಹಿಡಿಯುವ ದೊಡ್ಡ ಫ್ಲೈಗಳಿಗೆ, ಸಮುದ್ರದ ಬೋನ್‌ಫಿಶ್‌ಗೆ 7-8. ಅದಕ್ಕಿಂತ ದೊಡ್ಡ ಸಮುದ್ರ ಮೀನಿಗೆ 9-10, ಟಾರ್ಪನ್‌ನಂಥ ದೈತ್ಯರಿಗೆ 11-12. ಹೆಬ್ಬೆರಳಿನಷ್ಟು ದೊಡ್ಡ, ನೀರು ಹೀರಿದ ಫ್ಲೈಯನ್ನು 4ನೇ ನಂಬರಿನ ಲೈನಿಗೆ ಕಟ್ಟಿದರೆ ಲೈನ್ ಮುಂದೆ ಹೋಗಿ ಫ್ಲೈ ನಿಮ್ಮ ಕಿವಿಯ ಪಕ್ಕದಲ್ಲೇ ಉಳಿಯುತ್ತದೆ. ಕಿವಿಯ ಪಕ್ಕ ಅನ್ನೋದು ಅದೃಷ್ಟ ಚೆನ್ನಾಗಿದ್ದರೆ.

ರೀಲಿನ ಬಗ್ಗೆ ಜಾಸ್ತಿ ಹೇಳೋದಿಲ್ಲ. 5ರಿಂದ 6ಕ್ಕೆ ಹೋದರೆ ತೇಲುವ ಲೈನ್ ದಪ್ಪವಾಗುತ್ತದೆ, ಅದೇ ರೀಲಿನಲ್ಲಿ ಬ್ಯಾಕಿಂಗ್ ದಾರ (ಲೈನಿನ ಕೆಳಗೆ ಮೊದಲು ಸುತ್ತುವುದು) ಸ್ವಲ್ಪ ಕಮ್ಮಿ ಮಾಡಬೇಕಾಗುತ್ತದೆ, ಅಷ್ಟೇ.

ಈ ಪಟ್ಟಿ ನಡೆಯದ ಜಾಗಗಳು

ಮುಳುಗುವ ಲೈನಿಗೂ ಇದೇ ನಂಬರ್. ಅದೇ ತೂಕಕ್ಕೆ ತೆಳ್ಳಗಿರುತ್ತದೆ, ಗಾಳಿಯಲ್ಲಿ ಬೇಗ ಹೋಗುತ್ತದೆ. ಕೆಲವು ಮುಳುಗುವ ತುದಿಯ ಲೈನುಗಳಿಗೆ ನಂಬರೇ ಇಲ್ಲ, 200 ಗ್ರೇನ್, 250 ಗ್ರೇನ್ ಅಂತ ನೇರವಾಗಿ ಬರೆದಿರುತ್ತಾರೆ. ಆಗ ಅದು ಯಾವ ನಂಬರಿನ ರಾಡಿಗೆ ಅಂತ ತಯಾರಕರು ಹೇಳಿದ್ದನ್ನೇ ನೋಡಿ.

ಎರಡು ಕೈಯಲ್ಲಿ ಹಿಡಿಯುವ ಸ್ಪೇ ರಾಡುಗಳ ಲೋಕವೇ ಬೇರೆ. ಅಲ್ಲಿನ 7ನೇ ನಂಬರಿನ ರಾಡ್ 400 ಗ್ರೇನ್‌ಗೂ ಮೇಲಿನ ಹೆಡ್ ಎಸೆಯುತ್ತದೆ, ಮೇಲಿನ ಪಟ್ಟಿಯ 185 ಅಲ್ಲಿ ನಡೆಯುವುದಿಲ್ಲ. ಆ ರಾಡಿಗೆ ತಯಾರಕರು ಹೇಳಿದ ಗ್ರೇನ್ ಮಿತಿಯನ್ನೇ ನೋಡಬೇಕು.

ರಾಡ್ ಮೇಲಿನ ಬರಹವೇ ಅಳಿಸಿಹೋಗಿದ್ದರೆ? ನಂಬರ್ ಗೊತ್ತಿರುವ ಇನ್ನೊಂದು ರಾಡ್ ಎರವಲು ತನ್ನಿ, ಉದ್ದ ಹೆಚ್ಚುಕಮ್ಮಿ ಅಷ್ಟೇ ಇರಲಿ. ಅದರ ಹಿಡಿಕೆಯನ್ನು ಮೇಜಿನ ಅಂಚಿಗೆ ಅಡ್ಡಲಾಗಿ ಬಿಗಿದು, ತುದಿಗೆ ಚಿಕ್ಕ ಚೀಲ ನೇತುಹಾಕಿ, ರಾಡಿನ ಉದ್ದದ ಮೂರನೇ ಒಂದು ಭಾಗದಷ್ಟು ತುದಿ ಕೆಳಗಿಳಿಯುವ ತನಕ ಒಂದೊಂದೇ ನಾಣ್ಯ ಹಾಕಿ. ಆಮೇಲೆ ನಿಮ್ಮ ರಾಡಿಗೂ ಅದೇ ಮಾಡಿ. ವಿಲಿಯಂ ಹ್ಯಾನೆಮನ್ ಅನ್ನುವವರು ಅಮೆರಿಕದ ಸೆಂಟ್ ನಾಣ್ಯಗಳನ್ನು ಎಣಿಸಿ ಇದನ್ನೇ ಒಂದು ಪೂರ್ತಿ ಅಳತೆಯ ಪದ್ಧತಿ ಮಾಡಿದ್ದಾರೆ. ನಮಗೆ ಅಷ್ಟು ಬೇಡ, ಯಾವ ರಾಡಿಗೆ ಜಾಸ್ತಿ ನಾಣ್ಯ ಬಿತ್ತು ಅನ್ನೋದು ಸಾಕು. ಜಾಸ್ತಿ ಬಿದ್ದದ್ದು ಗಟ್ಟಿ, ಅದಕ್ಕೆ ಮೇಲಿನ ನಂಬರಿನಿಂದ ಪರೀಕ್ಷೆ ಶುರು ಮಾಡಿ.

ಎಲ್ಲ ಆದ ಮೇಲೆ ಲೈನಿನ ಮೇಲೇ ನಂಬರ್ ಹಾಕಿಬಿಡಿ. ಡಬ್ಬ ಉಳಿಯುವುದಿಲ್ಲ, ಚೀಟಿ ಒದ್ದೆಯಾಗುತ್ತದೆ. ಮುಂದಿನ ತುದಿಯ ಹತ್ತಿರ ಮಾರ್ಕರ್‌ನಿಂದ ಒಂದು ಉದ್ದ ಗೆರೆ ಅಂದರೆ 5, ಒಂದು ಗಿಡ್ಡ ಗೆರೆ ಅಂದರೆ 1. ಒಂದು ಉದ್ದ, ಒಂದು ಗಿಡ್ಡ ಇದ್ದರೆ 6. ಒಂದು ಉದ್ದ, ಮೂರು ಗಿಡ್ಡ ಇದ್ದರೆ 8. ನನ್ನ ಆ ಹಳೇ ಲೈನಿನ ಮೇಲೆ ಈಗ ಒಂದು ಉದ್ದ, ಒಂದು ಗಿಡ್ಡ, ಪಕ್ಕದಲ್ಲಿ ಒಂದು ಚುಕ್ಕೆ ಇದೆ. 6ಕ್ಕಿಂತ ಚೂರು ಜಾಸ್ತಿ ಅಂತ. ಸಣ್ಣ ಹೊಳೆಗೆ ಹೋಗುವಾಗ 5ರ ರಾಡಿಗೆ ಅದನ್ನೇ ಹಾಕಿಕೊಂಡು ಹೋಗ್ತೀನಿ.